ಗಾಳಿಗೆ ಬಿದ್ದಿತೆನ್ನುವ ಯೂ ಮರ

ಟೌರಂಗಾ, ನ್ಯೂಜಿಲೆಂಡ್, ಶನಿವಾರ

ಪ್ರೀತಿಯ ಅಕ್ಕ, ಮೊದಲು ಗೊತ್ತಿರುವ ಸಂಗತಿಗಳನ್ನು ಕ್ರಮವಾಗಿ ಬರೆಯುತ್ತೇನೆ.

೧. ನಮ್ಮ ಚರ್ಚಿನ ಸಮಾಧಿಗಳ ನಡುವೆ ಸದಾ ಹಸಿರಾಗಿದ್ದ ಯೂ ಮರವನ್ನು ೧೮೬೬ರಲ್ಲಿ ನೆಟ್ಟದ್ದೆಂದು ಚರ್ಚಿನ ದಾಖಲೆ ಹೇಳುತ್ತದೆ.

೨. ಆಮೇಲಿನ ದೊಡ್ಡ ಬಿರುಗಾಳಿಗಳೂ ಅದರಲ್ಲಿ ದಾಖಲಾಗಿವೆ. ಮರ ಕಳೆದುಕೊಂಡದ್ದು ಕೊಂಬೆಗಳನ್ನು ಮಾತ್ರ.

೩. ಕಳೆದ ವಾರ ಸಾಧಾರಣ ಗಾಳಿಗೆ ಅದು ಉರುಳಿತು. ಅದೇ ಜಾಗದಲ್ಲಿ ಕಾರ್ ಪಾರ್ಕಿಂಗ್ ಮಾಡಲು ಚರ್ಚಿನ ಸಮಿತಿ ಬಹಳ ದಿನಗಳಿಂದ ಅನುಮತಿ ಕೇಳುತ್ತಿತ್ತು. ರಕ್ಷಿತ ಮರವೆಂದು ನಗರಸಭೆ ಒಪ್ಪಿರಲಿಲ್ಲ.

ಈ ಚರ್ಚಿಗೆ ಬರುವ ನಮ್ಮವರಲ್ಲಿ ಎಂಜಿನಿಯರ್ ನಾನೊಬ್ಬನೇ. ಆದ್ದರಿಂದ ಗಾಳಿಯಿಂದಲೇ ಬಿತ್ತೆಂದು ನಗರಸಭೆಗೆ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಬುಡವನ್ನು ಪರೀಕ್ಷಿಸಿದೆ. ಮಣ್ಣಿನ ಮಟ್ಟಕ್ಕಿಂತ ತುಸು ಕೆಳಗೆ ಒಂದೇ ಅಳತೆಯ, ಓರೆಯಾಗಿ ಕೊರೆದ ತೂತುಗಳಿವೆ. ಅವುಗಳ ಬಾಯಿಗೆ ಮರದ ಬಣ್ಣದ ಪುಟ್ಟಿ ಮೆತ್ತಲಾಗಿದೆ. ಸುತ್ತಲಿನ ಬೇರು ವಿಷ ಹಾಕಿದಂತೆ ಕಪ್ಪಾಗಿ ಸತ್ತಿದೆ. ಹುಳುಗಳು ತೂತು ಕೊರೆದಾವು, ಪುಟ್ಟಿ ಮೆತ್ತುವುದಿಲ್ಲ.

ಸಮಿತಿಯ ಕಾರ್ಯದರ್ಶಿ ಶರ್ಲಿ, ಹಾಸನದ ಕಡೆಯ ನರ್ಸ್. "ಅಂಕಲ್, ಸೈನ್ ಮಾಡ್ಬಿಡಿ. ಸತ್ತಿರೋ ಮರಕ್ಕೂ ಪೋಸ್ಟ್‌ಮಾರ್ಟಮ್ ಮಾಡ್ತೀರಾ?" ಎಂದು ನಕ್ಕಳು. ತೂತುಗಳ ವಿಷಯ ಹೇಳಿದೆ. ಯಾವ ತೂತು ಎಂದು ಅವಳು ಕೇಳಲಿಲ್ಲ. "ಅದನ್ನ ಬೇರೆ ಯಾರಿಗಾದ್ರೂ ತೋರಿಸಿದ್ರಾ?" ಎಂದಳು.

ಈ ಊರಿನಲ್ಲಿ ನಮಗೆ ಬಂಧುಗಳೆಂದರೆ ಈ ಚರ್ಚಿನವರೇ. ಜ್ವರ ಬಂದಾಗ ಗಂಜಿ ತಂದುಕೊಟ್ಟವರೂ ಇವರೇ. ನನ್ನ ಬಿ.ಪಿ. ಹತೋಟಿಯಲ್ಲಿದೆ, ಚಿಂತಿಸಬೇಡ. ಸೋಮವಾರ ಬುಡವನ್ನು ಕೀಳಿಸುತ್ತಾರಂತೆ. ನಾನು ಸಹಿ ಹಾಕುವುದಿಲ್ಲ. ತೂತುಗಳ ಫೋಟೋಗಳನ್ನು ಇಂದೇ ನಗರಸಭೆಗೆ ಕಳುಹಿಸುತ್ತೇನೆ.

ನಿನ್ನ ತಮ್ಮ,
ಜಯಾನಂದ