ಅಣ್ಣನ ಹೆಸರಲ್ಲಿ ಊದಿದ ಉಸಿರು

ಕಲ್ಲು ಕಾರ್ಖಾನೆಯ ಹಿಂದಿನ ಬೀದಿ
ಭಾನುವಾರ, ಮಧ್ಯಾಹ್ನ

ಪ್ರೀತಿಯ ಗುಂಡೂ,

ಹೇಗಿದ್ದೀಯಪ್ಪ? ಕೆಮ್ಮು ಕಡಿಮೆಯಾಯಿತೇ? ಹೊಟ್ಟೆತುಂಬ ಉಣ್ಣುತ್ತಿದ್ದೀಯಾ? ಹೋದ ತಿಂಗಳು ರಜೆಗೆ ಬಂದಾಗ ಗುಂಡ ಎನ್ನುವ ಹೆಸರೇ ಒಪ್ಪದಷ್ಟು ಸೊರಗಿದ್ದೆ. ನಾವು ಚೆನ್ನಾಗಿದ್ದೇವೆ. ಹಾಗೆಂದು ಬರೆಯುವಾಗಲೂ ನನಗೆ ಮೈ ಉರಿಯುತ್ತಿದೆ, ಅದಕ್ಕೆ ನೀವು ಅಣ್ಣತಮ್ಮಂದಿರೇ ಕಾರಣ.

ಇಲ್ಲಿ ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ಎಲ್ಲರ ಕೈಲೂ ಕೊಳವೆಯೊಳಗೆ ಊದಿಸುವುದು ಯಾಕೆ? ಕಲ್ಲಿನ ಧೂಳು ಎದೆಯಲ್ಲಿ ಕೂತಿದೆಯೇ ಎಂದು ಮೊದಲೇ ತಿಳಿಯಲಿ ಅಂತ. ನೀನು ಕೆಲಸ ಮಾಡುವ ಟೈಲ್ಸ್ ಪಾಲಿಶ್ ಶೆಡ್ಡಿನಲ್ಲಿ ಅದೂ ಗತಿಯಿಲ್ಲ. ಆದರೆ ನಿಮ್ಮಣ್ಣನಿಗೆ ಅದು ಪಾಸಾಗಬೇಕಾದ ಪರೀಕ್ಷೆ! ಕಡಿಮೆ ಊದಿದವರನ್ನು ಕಲ್ಲು ಕೊಯ್ಯುವ ಮೆಷಿನ್ನಿನಿಂದ ಎತ್ತಿ ಪ್ಯಾಕಿಂಗಿಗೆ ಹಾಕುತ್ತಾರೆ, ಅದು ಇವರಿಗೆ ಮಾನ ಹೋಗುವ ವಿಷಯ. ನೀನು ರಜೆಗೆ ಬಂದಿದ್ದಾಗಲೇ ಆ ಪರೀಕ್ಷೆ ಬಂತು, ಅವತ್ತು ಇವರಿಗೆ ಬೇರೆ ನೆಗಡಿಯಾಗಿತ್ತು. "ನೀನೇ ಹೋಗಿ ಊದಿಬಿಡೋ, ನಿಂದು ಹರೆಯದ ಎದೆ" ಅಂದರಂತೆ. ನೀನೂ ಅಣ್ಣನ ಟೋಪಿ, ಕಾರ್ಡು ಹಾಕಿಕೊಂಡು ಹೊರಟೆಯಂತೆ. ಇಬ್ಬರದೂ ಒಂದೇ ಅಚ್ಚು, ನರ್ಸಮ್ಮ ಹೊಸಬರು. ನನ್ನ ಕಿವಿಗೆ ಬಿದ್ದಿದ್ದರೆ ನಿಮ್ಮಿಬ್ಬರ ಕಿವಿ ಹಿಂಡುತ್ತಿದ್ದೆ.

ಹೋದ ವಾರ ಡಾಕ್ಟರು ನಿಮ್ಮಣ್ಣನನ್ನು ಕರೆಸಿ, ಉಸಿರು ತೀರಾ ಕಡಿಮೆ, ಇನ್ನು ಮೆಷಿನ್ ಮುಟ್ಟಬೇಡಿ ಅಂದರು. ಈ ಮಹಾಶಯರು ಮನೆಗೆ ಬಂದು ಬೈದದ್ದು ಯಾರನ್ನು ಅಂದುಕೊಂಡೆ? ನಿನ್ನನ್ನು! "ಸೋಮಾರಿ, ನೆಟ್ಟಗೆ ಊದೋಕೂ ಬರಲ್ಲ, ನನ್ನ ಮರ್ಯಾದೆ ತೆಗೆದ" ಅಂತ ಮೂರು ಹೊತ್ತೂ ಅದೇ ರಾಗ. ಆಗ ಈ ಘನಕಾರ್ಯ ಹೊರಬಿತ್ತು. ನಾನು ಬಿಡಲಿಲ್ಲ, ಎಳೆದುಕೊಂಡು ಹೋಗಿ ಡಾಕ್ಟರ ಮುಂದೆ ನಿಜ ಹೇಳಿಸಿದೆ. ಅವರು ತಲೆ ಚಚ್ಚಿಕೊಂಡು ಮತ್ತೆ ಊದಿಸಿದರು, ಎಕ್ಸ್‌ರೇ ತೆಗೆಸಿದರು. ನಿಮ್ಮಣ್ಣನ ಎದೆ ಸರಿಯಾಗಿದೆ. ಇವರು ಅಲ್ಲೇ ಹಲ್ಲು ಕಿರಿದರು. ನನಗೆ ಮಾತ್ರ ನಗು ಬರಲಿಲ್ಲ.

ಮಕ್ಕಳು ಚಿಕ್ಕಪ್ಪ ಯಾವಾಗ ಬರುತ್ತಾನೆ ಎಂದು ಪೀಡಿಸುತ್ತಿವೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅತ್ತಿಗೆ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ನೀನು ಸೋಮಾರಿತನ ಮಾಡಲಿಲ್ಲವಂತೆ. ಕಣ್ಣಲ್ಲಿ ನೀರು ಬರುವವರೆಗೆ ಊದಿದೆ, ಮತ್ತೆ ಮತ್ತೆ ಊದಿದೆ ಎಂದು ನರ್ಸಮ್ಮ ಹೇಳಿದರು. ಅದನ್ನು ಕೇಳಿದ ಮೇಲೆ ನಿಮ್ಮಣ್ಣನ ನಗು ನಿಂತಿತು. ಆ ಉಸಿರು ನಿನ್ನದು ಕಣೋ. ತಕ್ಷಣ ಕರೆತನ್ನಿ ಎಂದಿದ್ದಾರೆ ಡಾಕ್ಟರು. ನನಗೆ ಭಯವಾಗಿದೆ. ಫೋನಿನಲ್ಲಿ ಹೇಳಿದರೆ ನಕ್ಕು ಇಟ್ಟುಬಿಡುತ್ತೀಯ, ಎದುರು ನಿಂತು ಹೇಳಲು ನಿಮ್ಮಣ್ಣನಿಗೆ ಬಾಯಿ ಬರುವುದಿಲ್ಲ. ಅದಕ್ಕೇ ಕಾಗದವನ್ನು ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ನೀನು ಓದಿ ಮುಗಿಸುವವರೆಗೂ ಅವರು ಬಾಗಿಲಲ್ಲೇ ನಿಂತಿರುತ್ತಾರೆ. ಏನೂ ಕೇಳಬೇಡ, ಬಟ್ಟೆ ತುಂಬಿಕೊಂಡು ಜೊತೆಗೆ ಹೊರಡು. ಈ ಸಲ ನಿನ್ನ ಹೆಸರಲ್ಲೇ ಊದು.