ಕೆಂಡ ತುಳಿದ ಕಾಲು

ಸೊರಬ,
೮ ಫೆಬ್ರವರಿ ೧೯೫೮

ಕೆಂಡ ಹಾಯ್ದ ಮಹಾಪುರುಷರಾದ ಯಜಮಾನರ ಪಾದಗಳಿಗೆ, ಆ ಪಾದಗಳು ಇನ್ನೂ ನೆಟ್ಟಗಿದ್ದರೆ, ನಮಸ್ಕಾರ.

ಅಣ್ಣ ಸದಾಶಿವಪ್ಪ ನಿನ್ನೆ ಶಿಕಾರಿಪುರದಿಂದ ಬಂದು ಎಲ್ಲ ಹೇಳಿದ. ಜಗಲಿ ಮೇಲೆ ಕಾಲು ಚಾಚಿ ಕೂತಿರ್ತೀರಂತೆ, ತೋಟಪ್ಪನಂಥ ಊರವರು ಬಂದು ಅಡ್ಡ ಬೀಳ್ತಾರಂತೆ. ಅಂಗಾಲ ಹುಣ್ಣು ನಾರ್ತಿದ್ದರೂ ವಿಭೂತಿ ಮೆತ್ತಿಕೊಂಡು, ನೋವೇ ಇಲ್ಲ ಅಂತ ಮೀಸೆ ತಿರುವ್ತೀರಂತೆ. ಸಾಲದ್ದಕ್ಕೆ ಶಿವರಾತ್ರಿ ಆದಮೇಲೆ ತಾಳಗುಂದದಲ್ಲಿ ಮತ್ತೆ ಕೆಂಡ ಹಾಯ್ತೀರಂತೆ. ಭಲೇ!

ಅಲ್ರೀ, ಕಾರ್ತಿಕದಲ್ಲಿ ವೀರಭದ್ರನ ಕೆಂಡ ಹಾಯ್ದವರು ನೀವೊಬ್ಬರೇನಾ? ಬಿಸಿ ತಟ್ಟಿದವರೆಲ್ಲ ದಡದಡ ಓಡಿ ದಾಟಿದರು. ನೀವು ಮಾತ್ರ ಗದ್ದೆ ಬದುವಿನ ಮೇಲೆ ಹೋದಂಗೆ ಆರಾಮಾಗಿ ಹೋದಿರಿ. ಅದು ದೇವರ ದಯೆಯಲ್ಲ, ಸಕ್ಕರೆ ಕಾಯಿಲೆ ಅಂತ ನಾನಂದಿದ್ದಕ್ಕೆ, ದೇವರನ್ನ ಹಳಿಯೋ ಹೆಂಗಸು ಈ ಮನೇಲಿ ಬೇಡ ಅಂತ ಹತ್ತು ಜನರೆದುರು ತವರಿನ ದಾರಿ ತೋರಿಸಿದಿರಿ. ಬಂದೆ. ಸುಖವಾಗಿದೀನಿ.

ಇಲ್ಲಿನ ಡಾಕ್ಟರನ್ನ ಕೇಳಿದೆ, ಈ ಕಾಯಿಲೆಯವರಲ್ಲಿ ಕಾಲಿನ ನರ ಸಾಯೋದು ಯಾರಿಗೆ ಹೆಚ್ಚು ಅಂತ. ನಿಮ್ಮನ್ನ ಎದುರಿಗೆ ನಿಲ್ಲಿಸಿಕೊಂಡು ವರ್ಣಿಸಿದಂಗಿತ್ತು! ಕಾಯಿಲೆ ಹಳೇದಾದಷ್ಟೂ ಕಷ್ಟವಂತೆ. ನೀವು ಒಂದಕ್ಕೆ ಹೋದ ಬಚ್ಚಲಿಗೆ ಇರುವೆ ಮುತ್ತೋಕೆ ಶುರುವಾಗಿದ್ದು ಸ್ವಾತಂತ್ರ್ಯ ಬಂದ ವರ್ಷ. ಸಕ್ಕರೆ ಹತೋಟಿ ತಪ್ಪಿದರೆ ಇನ್ನೂ ಕೇಡಂತೆ. ನೀವೋ, ಆಲೆಮನೆಗೆ ಹೋದರೆ ಬಿಸಿಬೆಲ್ಲ ನೆಕ್ಕದೆ ಬರೋರಲ್ಲ, ಮಾತ್ರೆ ಗೂಡಲ್ಲಿ ಧೂಳು ತಿಂತಿದೆ. ಬೀಡಿ ಸೇದೋರು, ಹೊಟ್ಟೆ ಬಂದವರು, ರಕ್ತದ ಒತ್ತಡ ಏರಿದವರು ಅಂತ ಅವರು ಹೇಳ್ತಾ ಹೋದಂಗೆ ನನಗೆ ನಗು ತಡೀಲಿಲ್ಲ. ಎತ್ತರದ ಆಳಿಗೆ ಬೇಗ ಬರೋದನ್ನ ತಾವು ಕಂಡಿದೀವಿ ಅಂದರು. ಅದೊಂದು ನಿಮ್ಮ ತಪ್ಪಲ್ಲ ಬಿಡಿ, ಉಳಿದದ್ದೆಲ್ಲ ಸ್ವಂತ ಸಂಪಾದನೆ.

ಹೋದ ವರ್ಷ ಚಪ್ಪಲಿಯ ಮೊಳೆ ಅಂಗಾಲಿಗೆ ನೆಟ್ಟುಕೊಂಡೇ ಆಲೆಮನೆಯಿಂದ ಮನೆತನಕ ನಡೆದು ಬಂದಿದ್ದಿರಿ. ನಡುಮನೆಯ ರಕ್ತದ ಹೆಜ್ಜೆ ಒರೆಸಿದವಳು ನಾನು. ಅದೂ ವೀರಭದ್ರನ ದಯೆಯೇ?

ಈ ಹುಣ್ಣು ಹೀಗೇ ಬಿಟ್ಟರೆ ಕಾಲೇ ತೆಗೀಬೇಕಾಗುತ್ತೆ ಅಂದಿದಾರೆ ಡಾಕ್ಟರು. ತಾಳಗುಂದದ ಆಸೆ ಬಿಟ್ಟು ಸೊರಬಕ್ಕೆ ಬಂದು ತೋರಿಸಿ. ಬರದಿದ್ದರೆ ನಿಮ್ಮ ಹಣೆಬರಹ. ನಾನಂತೂ ಇನ್ನು ಆ ಹೊಸಲು ತುಳಿಯಲ್ಲ.

ಇಂತಿ,
ದೇವರನ್ನ ಹಳಿದ ಹೆಂಗಸು,
ರಾಜೇಶ್ವರಮ್ಮ

ಬರೆಯಬಾರದು ಅಂತಿದ್ದೆ: ಕೆಂಡದ ಮರುದಿನ ಊರೆಲ್ಲ ಕೈ ಮುಗಿಯೋದು ನೋಡಿ, ನಿಜವಾಗಿ ದೇವರ ದಯೆಯೇ ಇರಲಪ್ಪಾ ಅಂತ ನನಗೂ ಆಸೆಯಾಗಿತ್ತು. ಮಧ್ಯಾಹ್ನ ನೀವು ಮಲಗಿದ್ದಾಗ ಕೌದಿ ಸೂಜಿ ತಂದು ಅಂಗಾಲಿಗೆ ಚುಚ್ಚಿದೆ. ಏಳಲಿಲ್ಲ. ಹಿಮ್ಮಡಿಗೆ ಚುಚ್ಚಿದೆ. ಏಳಲಿಲ್ಲ. ಎದ್ದು ಬಾಯಿಗೆ ಬಂದಂಗೆ ಬೈತೀರಿ ಅಂತ ಸೂಜಿ ಹಿಡಿದು ಕಾದೇ ಕಾದೆ. ಸೋಮವಾರದ ಬಸ್ಸಿಗೆ ಬರ್ತಿದೀನಿ. ಅಲ್ಲೀತನಕ ಕಾಲಿಗೆ ಬಿಸಿನೀರು ಹುಯ್ಕೋಬೇಡಿ, ಎಷ್ಟು ಬಿಸಿ ಅಂತ ನಿಮಗೆ ತಿಳಿಯಲ್ಲ. ನಾನು ಬಂದು ಕೈಯಿಟ್ಟು ನೋಡ್ತೀನಿ.