ಸರಿಸಿದ ಪಿನ್ನು

ಆಗಸ್ಟ್ 6, ಬುಧವಾರ

ಭಾನುವಾರದ ರೂಟು ಇನ್ನೂ ಅರ್ಧ. ಕೋಲಾರ, ಕ್ಯಾಲನೂರು, ಶ್ರೀನಿವಾಸಪುರ, ಮುಳಬಾಗಿಲು, ವಾಪಸ್. ನಡುನಡುವೆ ಮ್ಯಾಪಿನಲ್ಲಿ ಪಿನ್ನು ಇಡದಿದ್ದರೆ ಫೋನು ಎಲ್ಲರನ್ನೂ ನೇರ ಹೈವೇಗೆ ಎಳೆದುಕೊಂಡು ಹೋಗುತ್ತದೆ. ಹೈವೇಯಲ್ಲಿ ಹೋಗುವುದಕ್ಕೆ ಬುಲೆಟ್ ಯಾಕೆ, ಬಸ್ಸೇ ಸಾಕು. ಹತ್ತು ವರ್ಷದಿಂದ ನಮ್ಮ ಏಳು ಗಾಡಿಗಳಿಗೆ ರೂಟು ಹಾಕುತ್ತಿರುವವನು ನಾನು. ರೂಟು ಹಾಕಿದವನದೇ ಮುಂದಿನ ಗಾಡಿ. ಮುಂದಿನ ಗಾಡಿ ತಿರುಗಿದರೆ ಹಿಂದಿನವೆಲ್ಲ ತಿರುಗಬೇಕು, ರಸ್ತೆಯಲ್ಲಿ ನಿಂತು ವಾದ ಮಾಡುವಂತಿಲ್ಲ. ಆ ರೂಲ್ ಮಾಡಿದವನೂ ನಾನೇ.

ಈ ಸಲ ಮನೆಯಲ್ಲೇ. ಎಡಗೈ ಮಣಿಕಟ್ಟಿಗೆ ಪ್ಲಾಸ್ಟರ್, ಆರು ವಾರ. ಬಿದ್ದದ್ದು ಬಚ್ಚಲುಮನೆಯಲ್ಲಿ. ಗುಂಪಿನವರಿಗೆ ಮಾತ್ರ ನಮ್ಮ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸೈಲೆನ್ಸರ್ ಇಳಿಸುವಾಗ ಆಯಿತು ಎಂದಿದ್ದೇನೆ.

ಒಂದೇ ಕೈಯಲ್ಲಿ ಫೋನು ಹಿಡಿದು ಒದ್ದಾಡುತ್ತಿದ್ದೆ. ಹೆಂಡತಿ ಆಶಾರಾಣಿ ಬಂದು ಪಕ್ಕದಲ್ಲಿ ಕೂತಳು.

"ಕೊಡ್ರೀ ಇಲ್ಲಿ. ನೀವ್ ಹೇಳ್ತಾ ಹೋಗಿ, ನಾನ್ ಇಡ್ತೀನಿ."

ಹೇಳಿದೆ. ಇಟ್ಟಳು. ನಾಲ್ಕನೇ ಪಿನ್ನಿಗೆ ಕೈ ನಿಲ್ಲಿಸಿದಳು.

"ಊರಿನ ಹೆಸರಿನ್ ಮೇಲೆ ಪಿನ್ನು ಇಟ್ರೆ ಫೋನು ಎಲ್ರನ್ನೂ ಊರೊಳಗೆ ನುಗ್ಸಿ ಮತ್ತೆ ವಾಪಸ್ ತಿರುಗ್ಸುತ್ತೆ ಅಲ್ವಾ? ಕವಲು ದಾಟಿದ್ ಮೇಲೆ, ರೋಡ್ ಮೇಲೇ ಇಟ್ರೆ ಆಯ್ತಪ್ಪ."

ಪ್ರತಿ ಟ್ರಿಪ್ಪಿನಲ್ಲೂ ಒಂದೆರಡು ಊರೊಳಗೆ ಹೊಕ್ಕು, ಎಮ್ಮೆ ಕಟ್ಟಿದ ಬೀದಿಯಲ್ಲಿ ಏಳು ಗಾಡಿ ತಿರುಗಿಸಿಕೊಂಡು ಬರುತ್ತಿದ್ದೆವು. 'ಉಮಣ್ಣನ ಯೂ ಟರ್ನ್' ಎಂದು ಅದಕ್ಕೆ ಹೆಸರೇ ಬಿದ್ದಿದೆ. ಮ್ಯಾಪು ಇರುವುದೇ ಹಾಗೆ ಎಂದುಕೊಂಡಿದ್ದೆ. ಅವಳಿಗೆ ತಿಳಿಯುವುದಕ್ಕೆ ಹತ್ತು ನಿಮಿಷ ಸಾಕಾಯಿತು.

"ಗೊತ್ತು ಬಿಡೇ," ಎಂದೆ. ಗೊತ್ತಿರಲಿಲ್ಲ.


ಆಗಸ್ಟ್ 10, ಭಾನುವಾರ, ಬೆಳಿಗ್ಗೆ 9.40

ಎಲ್ಲರೂ ಲೈವ್ ಲೊಕೇಶನ್ ಆನ್ ಮಾಡಿದ್ದಾರೆ. ಟ್ಯಾಬಿನಲ್ಲಿ ಆರು ಚುಕ್ಕಿ. ಮುಂದೆ ಮುರಳಿಮೋಹನ್, ನನ್ನ ಜೊತೆ ಹೈಸ್ಕೂಲು ಓದಿದವನು. ಕೊನೆಯಲ್ಲಿ ನಂದೀಶ್, ಗುಂಪಿಗೆ ಹೊಸಬ. ಒಂದೇ ಒಂದು ಚುಕ್ಕಿ ಕೂಡ ಯೂ ಟರ್ನ್ ಹೊಡೆಯಲಿಲ್ಲ. ನೋಡುತ್ತಲೇ ಇದ್ದೇನೆ... ಒಂದಾದರೂ ಹೊಡೆಯಲಿ ಎಂದು.

ಸಂಜೆ 5

ಶ್ರೀನಿವಾಸಪುರದ ಆಚೆ ಒಂದು ಹಳ್ಳಿ ಡೈರಿಯ ಹತ್ತಿರ ನಿಲ್ಲುವಂತೆ ಆಶಾ ಪಿನ್ನು ಇಟ್ಟಿದ್ದಳು. ನಾನು ಹೇಳಿದ್ದಲ್ಲ, ಅವಳಾಗಿಯೇ ಸೇರಿಸಿದ್ದು. ಹಾಲು ಒಕ್ಕೂಟದ ಕೆಲಸ ಅವಳದು, ದಿನಾ ಸ್ಕೂಟಿಯಲ್ಲಿ ಹಳ್ಳಿ ಡೈರಿಗಳಿಗೆ ಸುತ್ತುವವಳು. ಅಲ್ಲಿನ ಕಾರ್ಯದರ್ಶಿ ಗಂಗರತ್ನಮ್ಮ, "ಆಶಮ್ಮ ಕಳ್ಸಿದ್ರಾ? ರಾ ನಾಯನಾ, ಕೂತ್ಕೊಳಿ," ಎಂದು ಎಲ್ಲರಿಗೂ ಗಟ್ಟಿ ಹಾಲಿನ ಕಾಫಿ ಕೊಟ್ಟರಂತೆ. ಫೋಟೋ ಬಂದಿದೆ. ಮುರಳಿಯ ಮೀಸೆಯ ಮೇಲೆ ನೊರೆ.

ಗುಂಪಿನಲ್ಲಿ ನಲವತ್ತೊಂದು ಮೆಸೇಜು. 'ಅಕ್ಕಾ ಸೂಪರ್', 'ಬೆಸ್ಟ್ ರೂಟ್ ಎವರ್'. ನನ್ನ ಹೋದ ತಿಂಗಳ ರೂಟಿಗೆ ಬಂದದ್ದನ್ನು ಹಿಂದೆ ಹೋಗಿ ನೋಡಿದೆ. ಎರಡು ಹೆಬ್ಬೆಟ್ಟು, ಒಂದು 'ಓಕೆ ಅಣ್ಣ'.

ಆಶಾಗೆ ತೋರಿಸಿದೆ, ಖುಷಿಪಟ್ಟಳು. ನಾನೂ ಪಟ್ಟೆ. ಅಂದರೆ, ಮುಖದಲ್ಲಿ.


ಆಗಸ್ಟ್ 24, ಭಾನುವಾರ

ಇವತ್ತು ಹೆಂಗಸರೂ ಹೋದರು. ನಾಲ್ಕು ಗಾಡಿಯ ಹಿಂದೆ ನಾಲ್ಕು ಜನ. ಮುರಳಿಯ ಹೆಂಡತಿ ಶ್ಯಾಮಲಾ ಕೂಡ. ಅವರು ಹೊಲಿಗೆ ಮೆಷಿನ್ ಬಿಟ್ಟು ಏಳುವುದೇ ಅಪರೂಪ. ಆಶಾ ಮನೆಗೇ ಹೋಗಿ ಕರೆದಿದ್ದಳು. "ಹೋಗ್ಬಾರೇ ಶ್ಯಾಮಲಾ, ಇಪ್ಪತ್ತು ಕಿಲೋಮೀಟರ್‌ಗೊಂದು ಕ್ಲೀನಾದ ಬಾತ್‌ರೂಮು ಗ್ಯಾರಂಟಿ. ನನ್ ಜವಾಬ್ದಾರಿ."

ಹತ್ತು ವರ್ಷದಲ್ಲಿ ನನ್ನ ರೂಟಿಗೆ ಒಬ್ಬ ಹೆಂಗಸೂ ಬಂದಿರಲಿಲ್ಲ. ಅವರಿಗೆ ಆಸಕ್ತಿ ಇಲ್ಲ ಎಂದುಕೊಂಡಿದ್ದೆ. ಆಸಕ್ತಿ ಇತ್ತು, ಬಾತ್‌ರೂಮ್ ಇರಲಿಲ್ಲ.

ಯಾರಾದರೂ ಇಷ್ಟು ದಿನ ಬಾಯಿ ಬಿಟ್ಟು ಹೇಳಬಹುದಿತ್ತು. ಆಶಾ ಹೇಳಬಹುದಿತ್ತು. ಮದುವೆಯಾಗಿ ಹದಿನಾಲ್ಕು ವರ್ಷ, ಒಂದು ಸಲವೂ 'ನಾನೂ ಬರ್ತೀನಿ' ಎಂದವಳಲ್ಲ. ನಾನೂ ಕರೆದವನಲ್ಲ, ಅದು ಬೇರೆ.

ರಾತ್ರಿ ಊಟಕ್ಕೆ ಕೂತಾಗ ಅವಳ ಫೋನು ಟಿಂಗ್ ಟಿಂಗ್ ಎನ್ನುತ್ತಲೇ ಇತ್ತು. ನನ್ನದು ಮೌನವ್ರತ. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದೆ. ಆಗಿರಲಿಲ್ಲ.


ಸೆಪ್ಟೆಂಬರ್ 7, ಭಾನುವಾರ

ಮುರಳಿ ಬಂದಿದ್ದ, ಕೈ ನೋಡಲು. ಚಕ್ಕುಲಿ ತಿನ್ನುತ್ತಾ ಹೇಳಿದ:

"ಲೇ ಉಮಾ, ಒಂದ್ ಮಾತು. ನಿನ್ ಕೈ ಸರಿಹೋದ್ಮೇಲೂ ರೂಟು ಅತ್ತಿಗೇನೇ ಹಾಕ್ಲಿ ಕಣೋ. ಎಲ್ರೂ ಹಂಗೇ ಅಂತಿದಾರೆ. ನೀನು ಹಿಂದೆ ಆರಾಮಾಗಿ ಬಾ."

"ಅದಕ್ಕೇನ್ಲಾ, ಹಾಕ್ಲಿ," ಎಂದು ನಕ್ಕೆ.

ಅವನು ಹೋದ ಮೇಲೆ ಸುಮ್ಮನೆ ಬುಲೆಟ್ ಹತ್ತಿರ ಹೋಗಿ ನಿಂತೆ. ಹಿಂದೆ ಆರಾಮಾಗಿ ಬಾ ಅಂತೆ. ಯಾರ ಹಿಂದೆ? ನಿನ್ನೆ ಮೊನ್ನೆ ಗುಂಪಿಗೆ ಬಂದ ನಂದೀಶನ ಹಿಂದೆ? ನಾನು ಅಂಗಡಿಯಲ್ಲಿ ನಟ್ಟು ಬೋಲ್ಟು ಮಾರುವವನು. ಊರಲ್ಲಿ ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ತಿಂಗಳಿಗೆ ಎರಡು ಭಾನುವಾರ ಆರು ಜನ ನನ್ನ ಬೆನ್ನು ನೋಡಿಕೊಂಡು ಬರುತ್ತಿದ್ದರು. ನನಗೆ ಇದ್ದದ್ದು ಅಷ್ಟೇ.

ಹೊಟ್ಟೆ ಉರಿಯುತ್ತಿದೆ. ಬರೆದೇಬಿಡುತ್ತೇನೆ, ಯಾರು ಓದುತ್ತಾರೆ. ಬೇರೆ ಯಾವನಾದರೂ ಆಗಿದ್ದರೆ ಜಗಳ ಮಾಡಿ ಹಗುರಾಗಬಹುದಿತ್ತು. ಹೆಂಡತಿಯ ಮೇಲೆ ಉರಿದರೆ ಎಲ್ಲಿಗೆ ಹೋಗುವುದು... ಅವಳೇ ಬಡಿಸಬೇಕು, ಅವಳೇ ಪ್ಲಾಸ್ಟರ್ ಒದ್ದೆಯಾಗದ ಹಾಗೆ ಕವರ್ ಕಟ್ಟಬೇಕು.


ಸೆಪ್ಟೆಂಬರ್ 13, ಶನಿವಾರ, ಸಂಜೆ 7.30

ನಾಳೆ ಮಾಲೂರು, ಮಾಸ್ತಿ. ಆಶಾ ಏಳು ಗಂಟೆಗೆ ರೂಟು ಮುಗಿಸಿ, ಒಂದೊಂದೇ ಪಿನ್ನು ನನಗೆ ತೋರಿಸಿದಳು. "ಸರಿ ಇದ್ಯಾ ನೋಡ್ರೀ," ಎಂದಳು. ಸರಿ ಇತ್ತು. ಅದೇ ಕಷ್ಟ. ಮುಂದಿನ ಗಾಡಿ ನಂದೀಶನದು. ಲಿಂಕು ಕಳಿಸಿ ಅವಳು ಅಡುಗೆಮನೆಗೆ ಹೋದಳು.

ಆ ಮ್ಯಾಪು ನನ್ನ ಲಾಗಿನ್ನಿನಲ್ಲೇ ಇರುವುದು. ನನ್ನ ಟ್ಯಾಬಿನಲ್ಲೂ ತೆರೆಯುತ್ತದೆ. ಇಲ್ಲಿ ಏನು ಬದಲಿಸಿದರೂ ಎಲ್ಲರ ಫೋನಿನಲ್ಲೂ ಬದಲಾಗುತ್ತದೆ.

ಮಾಲೂರು ದಾಟಿದ ಮೇಲೆ ಒಂದು ಕವಲು. ಎಡಕ್ಕೆ ಹೋದರೆ ಡೈರಿ ಇರುವ ಊರು, ಒಳ್ಳೆಯ ಟಾರು. ಬಲಕ್ಕೆ ಇಟ್ಟಿಗೆ ಗೂಡಿನ ಲಾರಿ ದಾರಿ. ಗೂಡಿನ ಹತ್ತಿರ ಮುಗಿದೇ ಹೋಗುತ್ತದೆ. ಮೊಣಕಾಲು ಮುಳುಗುವಷ್ಟು ಕೆಂಪು ಧೂಳು. ಒಂದು ಸಲ ನಾನೇ ಸಿಕ್ಕಿಕೊಂಡಿದ್ದೆ.

ಪಿನ್ನನ್ನು ಎಡದಿಂದ ಬಲಕ್ಕೆ ಸರಿಸಿದೆ. ಒಂದು ಬೆರಳಗಲ. ಏನೂ ಆಗುವುದಿಲ್ಲ. ಮೈತುಂಬ ಧೂಳು ಮೆತ್ತಿಕೊಂಡು, ಗೊಣಗಿಕೊಂಡು ವಾಪಸ್ ಬರುತ್ತಾರೆ. 'ಆಶಕ್ಕನ ಯೂ ಟರ್ನ್' ಎಂದು ಒಂದು ವಾರ ನಗುತ್ತಾರೆ. ಅಷ್ಟು ಸಾಕು ನನಗೆ.


ಸೆಪ್ಟೆಂಬರ್ 14, ಭಾನುವಾರ, ಬೆಳಿಗ್ಗೆ 6

ರಾತ್ರಿ ಮಳೆ ಬಂದಿದೆ. ಜೋರಾಗಿಯೇ. ಎದ್ದಾಗ ಅಂಗಳ ಒದ್ದೆ.

ಆಶಾ ಹೆಲ್ಮೆಟ್ ಹಿಡಿದು ನಿಂತಿದ್ದಾಳೆ. "ನಾನೂ ಹೋಗ್ತೀನಿ ರೀ ಇವತ್ತು. ಸ್ಕೂಟಿಲಿ ಕೊನೇಲಿ ಬರ್ತೀನಿ. ಶ್ಯಾಮಲಾ ಬಿಡ್ತಿಲ್ಲ. ದೋಸೆ ಹಿಟ್ಟಿದೆ, ಹಾಕ್ಕೊಡ್ಲಾ?"

ಟ್ಯಾಬು ಮಂಚದ ಮೇಲೇ ಇದೆ. ಎರಡು ನಿಮಿಷದ ಕೆಲಸ. ಮಳೆಗೆ ಧೂಳು ಕೂತಿರುತ್ತದೆ, ಇನ್ನೂ ಒಳ್ಳೆಯದಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಇಟ್ಟಿಗೆ ಮಾಡುವ ಮಣ್ಣಿನ ಮೇಲೆ ಮಳೆ ಬಿದ್ದರೆ ಏನಾಗುತ್ತದೆ ಎಂದು ಈ ಜಿಲ್ಲೆಯಲ್ಲಿ ಹುಟ್ಟಿದ ಯಾರಿಗೆ ಗೊತ್ತಿಲ್ಲ...

ದೋಸೆ ತಿಂದೆ. ಎರಡು. ಅವಳು ಹೋದಳು.

ಮಧ್ಯಾಹ್ನ 3

ಶ್ಯಾಮಲಾ ಬಿದ್ದಿದ್ದಾರೆ. ಬಲಗಾಲು ಮುರಿದಿದೆ. ರಾಡು ಹಾಕಬೇಕಂತೆ.

ಟ್ಯಾಬಿನಲ್ಲಿ ನೋಡುತ್ತಿದ್ದೆ. ನಂದೀಶನ ಚುಕ್ಕಿ ಬಲಕ್ಕೆ ತಿರುಗಿತು. ಹಿಂದೆಯೇ ಮುರಳಿಯದು. ಹಿಂದೆಯೇ ಎಲ್ಲರದೂ. ಯಾರೂ ನಿಂತು ಕೇಳಲಿಲ್ಲ, ಮುಂದಿನ ಗಾಡಿ ತಿರುಗಿತು, ತಿರುಗಿದರು. ಕೊನೆಯಲ್ಲಿದ್ದ ಆಶಾ ಕವಲಿನಲ್ಲೇ ನಿಂತು ಹಾರ್ನ್ ಹೊಡೆದಳಂತೆ, ಕೂಗಿದಳಂತೆ. ಆಮೇಲೆ ಎರಡನೇ ಚುಕ್ಕಿ ನಿಂತಿತು. ಮತ್ತೆ ಅಲುಗಲಿಲ್ಲ. ಉಳಿದವೆಲ್ಲ ಅದರ ಸುತ್ತ ಬಂದು ಸೇರಿಕೊಂಡವು.

ಫೋನು ಮಾಡುವ ಧೈರ್ಯವಾಗಲಿಲ್ಲ. ನಂದೀಶನೇ ಮಾಡಿದ. "ಜೇಡಿಮಣ್ಣು ಅಣ್ಣ, ಸೋಪಿನ್ ಥರ ಜಾರ್ತಾ ಇತ್ತು. ಮುರಳಣ್ಣನ್ ಗಾಡಿ ಅವರ್ ಕಾಲ್ ಮೇಲೇ ಬಿತ್ತು. ಇಟ್ಟಿಗೆ ಟ್ರ್ಯಾಕ್ಟರ್‌ನಲ್ಲಿ ಮೇನ್ ರೋಡಿಗೆ ತಂದ್ವಿ."

ಸಂಜೆ 6.30

ಕೋಲಾರದ ಆಸ್ಪತ್ರೆಗೆ ಹೋಗಿಬಂದೆ. ಮುರಳಿ ಕೆಂಪು ಮಣ್ಣು ಮೆತ್ತಿದ ಅಂಗಿಯಲ್ಲೇ ಬೆಂಚಿನ ಮೇಲೆ ಕೂತಿದ್ದ. ಎಲ್ಲರೂ ಇದ್ದರು. ಆ ದಾರಿಗೆ ಪಿನ್ನು ಹೇಗೆ ಬಂತು ಎಂದು ಯಾರೋ ಕೇಳಿದರು.

ಆಶಾ ನನ್ನ ಮುಖ ನೋಡಿದಳು. ಕೋಪವಿರಲಿಲ್ಲ. ಅಪರಿಚಿತರನ್ನು ಎಲ್ಲೋ ನೋಡಿದ ಹಾಗಿದೆಯಲ್ಲ ಎಂದು ನೋಡುತ್ತೇವಲ್ಲ, ಹಾಗೆ. ಆಮೇಲೆ ಮುರಳಿಯ ಕಡೆ ತಿರುಗಿ ಹೇಳಿದಳು:

"ನನ್ ತಪ್ಪು ಅಣ್ಣ. ಪಿನ್ನು ಇಡೋವಾಗ ಬೆರಳು ಜಾರಿರ್ಬೇಕು. ನೋಡ್ಕೊಳ್ಲಿಲ್ಲ."

ಮುರಳಿ ಮುಖ ಆ ಕಡೆ ಮಾಡಿದ. ಅವನ ತಾಯಿ ಬೈದರು. ಬೇಕಾದಷ್ಟು ಅಂದರು. ಆಶಾ ನಿಂತು ಕೇಳಿಸಿಕೊಂಡಳು. ನಾನು ಅವಳ ಪಕ್ಕದಲ್ಲೇ ನಿಂತಿದ್ದೆ, ಪ್ಲಾಸ್ಟರಿನ ಕೈ ಎದೆಗೆ ಒತ್ತಿಕೊಂಡು, ಪಾಪ ಎನ್ನಿಸುವ ಹಾಗೆ.


ಸೆಪ್ಟೆಂಬರ್ 19, ಶುಕ್ರವಾರ

ಐದು ದಿನ ಬರೆಯಲಿಲ್ಲ.

ಪ್ಲಾಸ್ಟರ್ ತೆಗೆದರು. ಕೈ ಸಣ್ಣಗಾಗಿದೆ. ಗುಂಪಿನಲ್ಲಿ ನಂದೀಶ್ ಹಾಕಿದ್ದಾನೆ: 'ಇನ್ಮೇಲೆ ಉಮಣ್ಣನ ರೂಟೇ ಸೇಫ್. ಯೂ ಟರ್ನ್ ಆದ್ರೂ ಪರವಾಗಿಲ್ಲ.' ಆರು ಹೆಬ್ಬೆಟ್ಟು. ಏನು ಬೇಕೆಂದು ಅಷ್ಟು ಉರಿದೆನೋ ಅದೆಲ್ಲ ಸಿಕ್ಕಿದೆ. ಮೆಸೇಜು ಓದಿ ಫೋನು ಬೋರಲು ಹಾಕಿದೆ.

ಆಶಾ ಗುಂಪಿನಿಂದ ಹೊರಗೆ ಬಂದಿದ್ದಾಳೆ. ಯಾರೂ 'ಯಾಕಕ್ಕ' ಎಂದು ಕೇಳಲಿಲ್ಲ. ದಿನಾ ಡೈರಿ ಕೆಲಸ ಮುಗಿಸಿ ಶ್ಯಾಮಲಾಗೆ ಗಂಜಿ ತೆಗೆದುಕೊಂಡು ಹೋಗುತ್ತಾಳೆ. ಮುರಳಿಯ ತಾಯಿ ಬಾಗಿಲಲ್ಲೇ ಪಾತ್ರೆ ಇಸಿದುಕೊಂಡು ಕಳಿಸುತ್ತಾರಂತೆ. ಮೂರು ತಿಂಗಳು ಮೆಷಿನ್ ತುಳಿಯುವ ಹಾಗಿಲ್ಲವಂತೆ ಶ್ಯಾಮಲಾ. ಹಬ್ಬ ಬರುತ್ತಿದೆ, ಹೊಲಿಯಲು ಬಂದಿದ್ದ ರವಿಕೆಗಳನ್ನೆಲ್ಲ ವಾಪಸ್ ಕೊಟ್ಟುಬಿಟ್ಟಿದ್ದಾರೆ.

ಮನೆಯಲ್ಲಿ ಮಾತು ಇದೆ. ಊಟಕ್ಕೆ ಬನ್ನಿ. ಗ್ಯಾಸ್ ಬುಕ್ ಮಾಡಿ. ಅಷ್ಟೇ.


ಸೆಪ್ಟೆಂಬರ್ 24, ಬುಧವಾರ

ಇವತ್ತು ಹೇಳಿದಳು. ಬಟ್ಟೆ ಮಡಿಸುತ್ತಿದ್ದಳು.

"ಆ ಶನಿವಾರ ಏಳು ಗಂಟೇಲಿ ನಾನು ನಿಮಗೆ ತೋರಿಸ್ದಾಗ ಆ ಪಿನ್ನು ಎಡಕ್ಕಿತ್ತು ರೀ."

ಮಡಿಸಲೆಂದು ನಾನೂ ಒಂದು ಟವೆಲ್ ಎತ್ತಿಕೊಂಡೆ.

"ಆ ಲಾಗಿನ್ ಇರೋದು ನನ್ ಹತ್ರ ಒಂದು, ನಿಮ್ ಹತ್ರ ಒಂದು."

"ಮತ್ತೆ ಯಾಕೆ ನಿನ್ನ ತಪ್ಪು ಅಂದೆ?" ನನ್ನ ಬಾಯಿಗೆ ಬಂದದ್ದು ಅದೊಂದೇ. ನಾಚಿಕೆಗೇಡು.

"ನಿಮ್ ಹೆಸರು ಹೇಳಿದ್ರೆ ಮುರಳಿ ಅಣ್ಣ ಸಾಯೋವರ್ಗೂ ನಿಮ್ ಮುಖ ನೋಡ್ತಿರ್ಲಿಲ್ಲ. ನನಗೆ ಆ ಗುಂಪು ಒಂದೂವರೆ ತಿಂಗಳದ್ದು. ನಿಮಗೆ ಹತ್ತು ವರ್ಷದ್ದು. ಅವರು ಬಿಟ್ರೆ ನಿಮಗ್ಯಾರಿದಾರೆ?"

ನನ್ನ ಅಂಗಿ ಮಡಿಸಿ ಬೀರುವಿನಲ್ಲಿ ಇಟ್ಟಳು. ಬಾಗಿಲ ಹತ್ತಿರ ಹೋಗಿ ನಿಂತು, ತಿರುಗದೆ ಕೇಳಿದಳು:

"ಒಂದೇ ಒಂದು ಸಲ 'ಚೆನ್ನಾಗಿ ಮಾಡಿದೀಯ ಕಣೇ' ಅಂದಿದ್ರೆ ನಿಮ್ಮದೇನ್ ಹೋಗ್ತಿತ್ತು?"

 


ಸೆಪ್ಟೆಂಬರ್ 28, ಭಾನುವಾರ, ಬೆಳಿಗ್ಗೆ 10

ಇವತ್ತು ಗಾಡಿಗಳು ಹೋಗಲಿಲ್ಲ. ರೂಟು ಹಾಕುವುದಿಲ್ಲ ಎಂದು ನಿನ್ನೆಯೇ ತಿಳಿಸಿದೆ. ಮುರಳಿಯನ್ನು ಮನೆಗೆ ಕರೆದಿದ್ದೇನೆ. ಹತ್ತೂಕಾಲಿಗೆ ಬರುತ್ತೇನೆ ಎಂದಿದ್ದಾನೆ. ಅತ್ತಿಗೆ ಇರ್ತಾರಾ ಎಂದು ಕೇಳಿದ. ಇರುತ್ತಾಳೆ ಎಂದೆ. ಸರಿ, ಬರುತ್ತೇನೆ ಎಂದ.

ಆಶಾಗೆ ಹೇಳಿದೆ. "ಬೇಡ ಬಿಡ್ರೀ, ಆಗಿದ್ದಾಯ್ತು," ಎಂದಳು. ಬೇಡ ಎಂದು ಇನ್ನೊಂದು ಸಲ ಹೇಳುತ್ತಾಳೇನೋ ಎಂದು ಕಾದೆ. ಹೇಳಲಿಲ್ಲ. ಸೀರೆ ಬದಲಾಯಿಸಿಕೊಂಡು ಬಂದು ಹಾಲ್‌ನಲ್ಲಿ ಕೂತಿದ್ದಾಳೆ.

ಹೇಳಬೇಕಾದದ್ದನ್ನು ಮೊದಲು ಇಲ್ಲಿ ಬರೆದು ನೋಡಿಕೊಳ್ಳುತ್ತೇನೆ. ಇಲ್ಲದಿದ್ದರೆ ಬಾಯಲ್ಲಿ ಬೇರೆಯೇ ಬರುತ್ತದೆ.

ಮುರಳಿ, ಆ ದಿನ ಟ್ಯಾಬು ನೋಡುವಾಗ ಕೈ ತಾಗಿ ಪಿನ್ನು ಸರಿಯಿತು.

ಸುಳ್ಳು. ಹೊಡೆದುಹಾಕಿದೆ.

ಮುರಳಿ, ತಮಾಷೆಗೆ ಮಾಡಿದೆ, ಹೀಗಾಗುತ್ತದೆ ಎಂದು ಗೊತ್ತಿರಲಿಲ್ಲ.

ಮಳೆ ಬಂದದ್ದು ಗೊತ್ತಿತ್ತು. ಇದೂ ಬೇಡ.

ಮುರಳಿ, ಆಶಾ ಇಟ್ಟ ಪಿನ್ನು ಸರಿಯಾಗಿತ್ತು. ಬೇಕೆಂದೇ ಸರಿಸಿದವನು ನಾನು. ಬೆಳಿಗ್ಗೆ ಸರಿಪಡಿಸಬಹುದಿತ್ತು, ಮಾಡಲಿಲ್ಲ. ಶ್ಯಾಮಲಾ ಕಾಲು ಮುರಿದವನು ನಾನು.

ಯಾಕೆ ಎಂದು ಕೇಳುತ್ತಾನೆ. ಕೇಳೇ ಕೇಳುತ್ತಾನೆ. ಆಶಾ ಅಲ್ಲೇ ಕೂತಿರುತ್ತಾಳೆ. ಅವಳ ಎದುರಿಗೇ ಹೇಳಬೇಕು, ಅವಳಿಗೂ ಕೇಳಿಸಬೇಕು. ಯಾಕೆಂದರೆ ನನ್ನ ಹೆಂಡತಿ ನನಗಿಂತ

ಗೇಟಿನ ಸದ್ದು. ಆಶಾ ಎದ್ದಳು —